ಅಗಲ ಅಂಚಿನ ಸೀರೆಗೆ ಗದ್ವಾಲದವರೆಗೆ

ಬೆಳಗಿನ ಬಸ್ಸಿಗೆ ರಾಯಚೂರು ಬಿಟ್ಟಾಗ ನನ್ನ ಚೀಲದಲ್ಲಿ ಒಂದು ಜೊತೆ ಬಟ್ಟೆ, ನೀರಿನ ಬಾಟಲಿ, ಮೊಣಕಾಲಿಗೆ ಹಚ್ಚುವ ಎಣ್ಣೆ ಇದ್ದವು. ಹೊಟ್ಟೆಯಲ್ಲಿ ಸಿಟ್ಟಿತ್ತು. ಸಿಟ್ಟಿಗೆ ಕಾರಣ ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ. ಅಣ್ಣನ ಮಗಳು ಪಲ್ಲವಿಯ ಮದುವೆ ಬರುವ ತಿಂಗಳು. ನಮ್ಮ ಮನೆತನದಲ್ಲಿ ತಾಳಿ ಕಟ್ಟುವ ಹೊತ್ತಿಗೆ ಮದುಮಗಳ ಬೆನ್ನ ಹಿಂದೆ ದೀಪ ಹಿಡಿದು ನಿಲ್ಲುವವಳು ಸೋದರತ್ತೆ. ಪಲ್ಲವಿಗೆ ಇರುವ ಸೋದರತ್ತೆ ನಾನೊಬ್ಬಳೇ. ಹಿಂದಿನ ವಾರ ವೈನಿ ಚಹಾದ ಕಪ್ಪು ಕೈಗೆ ಕೊಡುತ್ತ, ಮೆತ್ತಗೆ, ಬೆಣ್ಣೆಯೊಳಗಿನ ಕೂದಲು ತೆಗೆದಂತೆ ಹೇಳಿದಳು: “ಸುನಂದಾ, ಬ್ಯಾಸರ ಮಾಡ್ಕೋಬ್ಯಾಡ. ದೀಪ ಹಿಡಿಯಾಕ ನನ್ನ ತಂಗೀನ್ನ ನಿಲ್ಲಸ್ತೀನಿ. ನೀ ನಿಂತ್ರ ವಿಡಿಯೋದಾಗ ಹುಡುಗಿ ಕಾಣಂಗಿಲ್ಲ. ನೀ ಒಂದು ಕಡು ನೀಲಿ ಸೀರಿ ತಗೋ, ಸಣ್ಣ ಅಂಚಿಂದು. ತೆಳ್ಳಗ ಕಾಣ್ತಿ.”

ನಾನು ಹ್ಞೂಂ ಅಂದೆ. ಯಾಕೆ ಅಂದೆನೋ ಆ ದೇವರಿಗೇ ಗೊತ್ತು. ಮನೆಗೆ ಬಂದು ತಟ್ಟೆ ಬಟ್ಟಲುಗಳನ್ನು ಧಡಧಡ ಇಟ್ಟೆ.

ನಾನು ಹೈಸ್ಕೂಲಿನ ಪಿ.ಟಿ. ಟೀಚರ್. ಒಂದು ಕಾಲಕ್ಕೆ ಕಬಡ್ಡಿಯಲ್ಲಿ ಒಳ್ಳೆಯ ರೈಡರ್ ಅನಿಸಿಕೊಂಡವಳು. ನಾಲ್ಕು ವರ್ಷದ ಹಿಂದೆ ಶಾಲೆಯ ಮೈದಾನದಲ್ಲಿ ಬಿದ್ದು ಮೊಣಕಾಲು ಹೋಯಿತು, ಆಪರೇಷನ್ ಆಯಿತು, ತಿಂಗಳುಗಟ್ಟಲೆ ಹಾಸಿಗೆ ಹಿಡಿದೆ, ಅದರ ಬೆನ್ನಿಗೇ ಥೈರಾಯ್ಡ್ ಬಂತು. ಮೈ ಬಂತು. ಬಂದದ್ದು ಹೋಗಲಿಲ್ಲ. ಬಿಸಿನೀರು-ನಿಂಬೆಹಣ್ಣು, ಜೀರಿಗೆ ಕಷಾಯ, ರಾತ್ರಿ ಉಪವಾಸ ಎಲ್ಲ ಆದವು. ಗುಳಿಗೆ ತಪ್ಪಿಸಬೇಡಿ, ದಿನಾ ನಡೆಯಿರಿ, ಅಷ್ಟೇ ಅಂದರು ಡಾಕ್ಟರು. ಗುಳಿಗೆ ತಪ್ಪಿಸಿಲ್ಲ, ದಿನಾ ನಡೆಯುತ್ತೇನೆ. ಆದರೆ ಡಾಕ್ಟರಿಗೆ ಸಾಕಾದದ್ದು ಮಂದಿಗೆ ಸಾಕಾಗಬೇಕಲ್ಲ! ನನ್ನ ಮೈ ಊರಿನ ಕಟ್ಟೆ ಆಗಿಬಿಟ್ಟಿತ್ತು. ಹೋಗುವವರು ಬರುವವರೆಲ್ಲ ಅಲ್ಲೇ ಕುಂತು ಮಾತಾಡುವವರು.

ಮದುವೆಯ ಆಯಾರಕ್ಕೆ, ಅಂದರೆ ಬೀಗರಿಗೆ ಬಂಧುಗಳಿಗೆ ಉಡುಗೊರೆ ಕೊಡಲು, ನಾರಾಯಣಪೇಟೆ ಸೀರೆ ತರುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹಾಗೇ ಗದ್ವಾಲಕ್ಕೆ ಹೋಗಿ ನನ್ನ ಸೀರೆಯನ್ನೂ ತರಬೇಕು. ಶನಿವಾರ ಹೋಗಿ ಭಾನುವಾರ ಸಂಜೆ ತಿರುಗಿ ಬರುವ ಪ್ರಯಾಣ. ಬಸ್ಸು ಶಕ್ತಿನಗರದ ಹೊಗೆ ಕೊಳವೆಗಳನ್ನು ದಾಟಿ ಕೃಷ್ಣೆಯ ಸೇತುವೆ ಏರಿದಾಗ ಬಿಸಿಲು ಇನ್ನೂ ಎಳೆಯದಿತ್ತು. ಹೊಳೆಯಲ್ಲಿ ಬಂಡೆಗಳೇ ಹೆಚ್ಚು, ನೀರು ಅಲ್ಲಲ್ಲಿ. ಸೇತುವೆ ಇಳಿದರೆ ತೆಲಂಗಾಣ. ಬೋರ್ಡುಗಳ ಮೇಲಿನ ಅಕ್ಷರ ಬದಲಾಗುತ್ತವೆ, ಮಾತು ಅಷ್ಟು ಬೇಗ ಬದಲಾಗುವುದಿಲ್ಲ.

ಮಕ್ತಲದಲ್ಲಿ ಇಳಿದಾಗ ಹಸಿವೆಯಾಗಿತ್ತು. ಬಸ್‌ಸ್ಟ್ಯಾಂಡಿನ ಎದುರು ಒಬ್ಬ ಹೆಂಗಸು ಒಗ್ಗಾಣಿ ಕಲಸುತ್ತಿದ್ದಳು. ನೆನೆಸಿದ ಮಂಡಕ್ಕಿಗೆ ಉಳ್ಳಾಗಡ್ಡಿಯ ಒಗ್ಗರಣೆ, ಮೇಲೆ ಪುಟಾಣಿ ಅಂದರೆ ಹುರಿಗಡಲೆಯ ಹಿಟ್ಟು, ಜೊತೆಗೆ ಬಿಸಿ ಮಿರ್ಚಿ ಭಜಿ. “ಮಿರ್ಚಿ ಒಂದಾ ಎರಡಾ ಅಕ್ಕಾ?” ಅಂದಳು. ಪಕ್ಕದ ಬೆಂಚಿನ ಮೇಲಿದ್ದ ಮೀಸೆಯವನು ತನ್ನ ತಟ್ಟೆ ಬಿಟ್ಟು ನನ್ನ ಸೊಂಟ ನೋಡುತ್ತಿದ್ದ. ಎರಡು ಅನ್ನಲು ಹೊರಟವಳು ಅವನ ಮುಖ ನೋಡಿ ಮೂರು ಅಂದೆ. ಖಾರಕ್ಕೆ ಕಣ್ಣಲ್ಲಿ ನೀರು ಬಂತು, ಆದರೂ ಮೂರನ್ನೂ ಮುಗಿಸಿದೆ.

ನಾರಾಯಣಪೇಟೆಯ ಬಸ್ಸಿನಲ್ಲಿ ಕಂಡಕ್ಟರ್ ನನ್ನ ಆಧಾರ್ ಕಾರ್ಡ್ ನೋಡಿ, “ನಿಮ್ದು ಕರ್ನಾಟಕ, ಟಿಕೆಟ್ ತಗೋಬೇಕ್ರಿ” ಅಂದ. ಸುತ್ತಲಿನ ಹೆಂಗಸರಿಗೆಲ್ಲ ಪುಕ್ಕಟೆ, ನನಗೊಬ್ಬಳಿಗೆ ರೊಕ್ಕ. ಪಕ್ಕದಲ್ಲಿ ಒಬ್ಬ ಮುದುಕಿ ಬಂದು ಕುಂತಳು. ನಾರಾಯಣಪೇಟೆಯಲ್ಲಿ ಬಸ್ಸು ಬದಲಿಸಿ ಆ ಕಡೆಯದೇ ಮದ್ದೂರು ಎಂಬ ಊರಿನ ಮಗಳ ಮನೆಗೆ ಹೊರಟವಳು. ರಸ್ತೆ ಕೆಟ್ಟಿತ್ತು, ಬಸ್ಸು ಕುಣಿಯಿತು. ಮುದುಕಿ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡು, “ನಿನ್ನ ಬಾಜೂ ಕುಂತ್ರ ಚಲೋ ನೋಡವ್ವ. ಬಸ್ಸು ಎಷ್ಟ ಹಾರಿದ್ರೂ ನೀ ಹಾರಂಗಿಲ್ಲ, ನಾ ಬೀಳಂಗಿಲ್ಲ” ಅಂದಳು. ಸಿಟ್ಟು ಮಾಡಬೇಕೋ ನಗಬೇಕೋ ತಿಳಿಯಲಿಲ್ಲ. ಅವಳು ನಾರಾಯಣಪೇಟೆಯವರೆಗೂ ತೋಳು ಬಿಡಲಿಲ್ಲ.

ಅಲ್ಲಿ ಇಳಿಯುವಾಗ ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡೆ. ನನ್ನ ಹಳೆಯ ಕಬಡ್ಡಿ ತಂಡದ ಗೆಳತಿ ಲಕ್ಷ್ಮಿ ನೇಕಾರರ ಮನೆಗೆ ಸೊಸೆಯಾಗಿ ಬಂದದ್ದು ಈ ಊರಿಗೆ. ನಾನು ದಪ್ಪಗಾದ ಮೇಲೆ ಅವಳು ನನ್ನನ್ನು ನೋಡಿಲ್ಲ. ಫೋನಿನಲ್ಲಿ ವಿಡಿಯೋ ಹಾಕು ಅಂದಾಗಲೆಲ್ಲ ನೆಟ್‌ವರ್ಕ್ ಸರಿ ಇಲ್ಲ ಅಂದಿದ್ದೆ. ಈಗ ಸ್ಟ್ಯಾಂಡಿನ ಆ ಕಡೆಯಿಂದಲೇ ಕೂಗಿದಳು: “ಏ ಸುನಂದೀ! ಇನ್ನೂ ಗೆರಿ ದಾಟಾಕ ಹೊಂಟೋರಂಗ ನಡೀತಿಯಲ್ಲೇ!” ಬಂದು ತಬ್ಬಿಕೊಂಡಳು. ಅವಳ ತಲೆಯೂ ಅರ್ಧ ಬೆಳ್ಳಗಾಗಿತ್ತು.

“ದಪ್ಪ ಆಗಿಯಲ್ಲ” ಅಂದಳು.

“ಆಗೀನಿ.”

“ಮೊಣಕಾಲು ಹೆಂಗೈತಿ?”

“ಮೆಟ್ಟಿಲ ಹತ್ತಬೇಕಾದ್ರ ನೋಯ್ತೈತಿ.”

“ನಮ್ಮನಿಗೆ ಮೆಟ್ಟಿಲ ಇಲ್ಲ, ನಡಿ.” ಅಷ್ಟೇ. ನಾಲ್ಕು ವರ್ಷ ಹೆದರಿದ್ದ ಮಾತು ಬಸ್‌ಸ್ಟ್ಯಾಂಡಿನಲ್ಲೇ ಮುಗಿದುಹೋಯಿತು.

ಲಕ್ಷ್ಮಿಯ ಮನೆ ಮಗ್ಗಗಳ ಓಣಿಯಲ್ಲಿದೆ. ಆಕೆಯ ಗಂಡ ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲಿಟ್ಟು ನೇಯುತ್ತಿದ್ದ. ಚೌಕಳಿ ಒಡಲಿನ ಹಸಿರು ಸೀರೆ. ಆಯಾರಕ್ಕೆ ಬೇಕಾದವನ್ನು ಮಧ್ಯಾಹ್ನವೇ ಆರಿಸಿ ಗಂಟು ಕಟ್ಟಿಟ್ಟೆವು. ಊಟಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಸಂಜೆ ದೀಪ ಹಚ್ಚಿದ ಮೇಲೆ ಲಕ್ಷ್ಮಿಯ ಅತ್ತೆ ನಾಗಮ್ಮ ಮಗಳ ಮನೆಯಿಂದ ಬಂದಳು. ಕಣ್ಣಿಗೆ ಪೊರೆ ಬಂದಿದೆ, ಮುಟ್ಟಿ ಮುಟ್ಟಿ ಮಂದಿಯನ್ನು ಗುರುತು ಹಿಡಿಯುತ್ತಾಳೆ. ನಾನು ಕಾಲಿಗೆ ನಮಸ್ಕಾರ ಮಾಡಿ ಏಳುವಾಗ ಅವಳ ಕೈ ನನ್ನ ಹೊಟ್ಟೆಗೆ ತಾಗಿತು. ಅಲ್ಲೇ ನಿಂತಿತು. ಆಮೇಲೆ ಅಂಗೈ ಅಗಲ ಮಾಡಿ ಮೆಲ್ಲಗೆ ಸವರಿದಳು.

“ಲಕ್ಷ್ಮೀ, ಹಸಿರು ಕುಪ್ಪಸದ ಕಣ ತಗಿ. ಅಕ್ಕಿ, ಕೊಬ್ಬರಿ ತಾ. ಬಸುರಿ ಹೆಂಗಸು ಮನಿಗೆ ಬಂದ್ರ ಉಡಿ ತುಂಬಬೇಕು” ಅಂದಳು. ನನ್ನ ಕಡೆ ತಿರುಗಿ, “ಎಷ್ಟ ತಿಂಗಳಾತವ್ವ?” ಅಂದಳು.

ಮಗ್ಗದ ಸದ್ದು ನಿಂತಿತು. ನಾನು ಹೇಳಿದೆ: “ನಾಕು ವರ್ಷ ಆತಬೇ, ಇನ್ನೂ ಹಡದಿಲ್ಲ.”

ಮೊದಲು ನಕ್ಕವಳು ಲಕ್ಷ್ಮಿ. ಆಮೇಲೆ ಅವಳ ಗಂಡ, ಆಮೇಲೆ ನಾನು. ನಾಗಮ್ಮ ಕೆನ್ನೆ ಕೆನ್ನೆ ಬಡಿದುಕೊಂಡು, “ಅಯ್ಯ, ನನ್ನ ಬಾಯಾಗ ಮಣ್ಣ ಹಾಕ! ಕಣ್ಣಿಲ್ಲದಾಕಿ, ಸಿಟ್ಟ ಮಾಡಬ್ಯಾಡ ನನ್ನವ್ವ” ಅಂದಳು. ನನ್ನ ಮಗ ಕಾಲೇಜಿಗೆ ಹೋಗುತ್ತಾನೆ ಎಂದು ಕೇಳಿ ಇನ್ನಷ್ಟು ಬಡಿದುಕೊಂಡಳು. ನಾನು ಮುಖ ತೊಳೆಯುವ ನೆಪ ಮಾಡಿ ಬಚ್ಚಲಿಗೆ ಹೋದೆ. ಅಲ್ಲಿ ಅಳು ಬಂತು. ಅವಮಾನಕ್ಕಲ್ಲ. ಆ ಕೈ ಎಷ್ಟು ಅಕ್ಕರೆಯಿಂದ ಮುಟ್ಟಿತ್ತು! ನನ್ನ ಹೊಟ್ಟೆಯನ್ನು ನಾನೇ ಅಷ್ಟು ಅಕ್ಕರೆಯಿಂದ ಮುಟ್ಟಿ ವರ್ಷಗಳಾಗಿದ್ದವು. ಸ್ನಾನ ಮಾಡುವಾಗಲೂ ಬೈದುಕೊಂಡೇ ತೊಳೆಯುತ್ತಿದ್ದೆ. ಎರಡು ತಂಬಿಗೆ ನೀರು ಮುಖಕ್ಕೆ ಹಾಕಿಕೊಂಡು ಹೊರಗೆ ಬಂದೆ.

ನಾಗಮ್ಮ ಮಣೆ ಹಾಕಿಸಿ ಕಾಯುತ್ತಿದ್ದಳು. ನಾನು ಬೇಡ ಅಂದೆ. “ಉಡಿಗಂತ ತಗದ ಕಣ ತಿರುಗಿ ಪೆಟ್ಟಿಗ್ಯಾಗ ಇಡಬಾರದು” ಅಂದಳು. “ಕೂಸು ಇಲ್ಲಂದ್ರ ಏನಾತು, ಹೊಟ್ಟಿ ನಿಂದ ಹೌದಲ್ಲ? ಕುಂಡ್ರು.” ಕುಂತೆ. ಸೆರಗಿಗೆ ಅಕ್ಕಿ, ಕೊಬ್ಬರಿ, ಎಲೆ ಅಡಿಕೆ, ಹಸಿರು ಕಣ ಬಿದ್ದವು. ಬಸುರಿಗೆ ತುಂಬುವ ಉಡಿಯನ್ನು ಬರೀ ಹೊಟ್ಟೆಗೆ ತುಂಬಿಸಿಕೊಂಡ ಹೆಂಗಸು ಈ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು.

ಭಾನುವಾರ ಬೆಳಿಗ್ಗೆ ಲಕ್ಷ್ಮಿಯೂ ನನ್ನ ಜೊತೆ ಹೊರಟಳು. ಮತ್ತೆ ಮಕ್ತಲಕ್ಕೆ ಬಂದು ಗದ್ವಾಲದ ಬಸ್ಸು ಹಿಡಿದೆವು. ದಾರಿಯಲ್ಲಿ ಜೂರಾಲ ಅಣೆಕಟ್ಟು ಬರುತ್ತದೆ. ಅಲ್ಲಿ ಇಳಿಯದೆ ಹೋದರೆ ಲಕ್ಷ್ಮಿ ಬಿಡುವವಳಲ್ಲ. ರಸ್ತೆಯ ಪಕ್ಕ ಸಾಲಾಗಿ ಮೀನು ಹುರಿಯುವ ಅಂಗಡಿಗಳು. ಖಾರ ಹಚ್ಚಿದ ಮೀನು ಎಣ್ಣೆಗೆ ಬಿದ್ದ ವಾಸನೆಗೆ ಬಾಯಲ್ಲಿ ನೀರೂರಿತು. ಮೊದಲ ತುಂಡು ಮುರಿಯುವಾಗಲೇ ವೈನಿಯ ಫೋನ್ ಬಂತು. “ಕಡು ನೀಲಿ ಮರೀಬ್ಯಾಡವಾ. ನಾ ತಂಗೀಗೆ ಹೇಳಿಬಿಟ್ಟೀನಿ, ಆಕಿ ದೀಪಕ್ಕ ಒಪ್ಯಾಳ.” ನಾನು ಮತ್ತೆ ಹ್ಞೂಂ ಅಂದೆ.

ಲಕ್ಷ್ಮಿ ಎಲ್ಲ ಕೇಳಿಸಿಕೊಂಡಿದ್ದಳು. “ಕಬಡ್ಡಿಯಾಗ ಏಳು ಮಂದಿ ಕಾಲು ಹಿಡಿದ್ರೂ ಗೆರಿ ಮುಟ್ಟೋಳು, ವೈನಿ ಒಬ್ಬಾಕಿ ಹಿಡಿದ್ರ ಕುಂತ್ಬಿಟ್ಯಾ? ಥೂ ನಿನ್ನ!” ಅಂದಳು. ಪಲ್ಲವಿ ಹುಟ್ಟಿದಾಗ ಮೊದಲು ಎತ್ತಿಕೊಂಡವಳು ನಾನು, ಹೆಸರು ಕಿವಿಯಲ್ಲಿ ಹೇಳಿದವಳು ನಾನು. ಅವಳ ತಾಳಿಯ ಹೊತ್ತಿಗೆ ಬೆಳಕು ಹಿಡಿಯಲು ಇನ್ಯಾರೋ. ಮೀನು ರುಚಿಯಾಗಿತ್ತು, ಆದರೂ ಉಳಿದದ್ದನ್ನು ಲಕ್ಷ್ಮಿಯ ಕಡೆ ಸರಿಸಿದೆ.

ಗದ್ವಾಲಕ್ಕೆ ಮುಟ್ಟಿದಾಗ ಮಧ್ಯಾಹ್ನದ ಬಿಸಿಲು ಚುರುಕಾಗಿತ್ತು. ಕೋಟೆಯ ಗೋಡೆಯ ಹತ್ತಿರದ ಓಣಿಯಲ್ಲಿ ಒಂದು ಸೀರೆ ಅಂಗಡಿಗೆ ಹೊಕ್ಕೆವು. ಬಿಳಿ ಗಾದಿಯ ಮೇಲೆ ಸಾವುಕಾರರು ಕುಂತಿದ್ದರು. ದೊಡ್ಡ ದೇಹ, ಅದಕ್ಕೂ ದೊಡ್ಡ ಹೊಟ್ಟೆ, ಹಣೆಗೆ ಗಂಧ. “ರಾಂಡಮ್ಮ, ಬರ್ರಿ ಬರ್ರಿ” ಎಂದು ತೆಲುಗು ಕನ್ನಡ ಎರಡೂ ಭಾಷೆಯಲ್ಲಿ ಕರೆದರು. ಗದ್ವಾಲ ಸೀರೆ ಗೊತ್ತಲ್ಲ, ಒಡಲು ಹತ್ತಿ, ಅಂಚು ಸೆರಗು ರೇಷ್ಮೆ. ನಾನು ಸುಮ್ಮನೆ ಕಡು ನೀಲಿ ತೋರಿಸಿ ಅಂದೆ. ನೀಲಿ ಬಂದವು, ಗುಡ್ಡೆ ಬಿದ್ದವು. ನನ್ನ ಕಣ್ಣು ಮಾತ್ರ ಮೇಲಿನ ಹಲಗೆಯ ಮೇಲಿದ್ದ ಒಂದು ಅರಿಶಿನ ಬಣ್ಣದ ಸೀರೆಗೆ ಹೋಗಿ ಕುಂತಿತ್ತು. ಗೇಣಿಗಿಂತ ಅಗಲವಾದ ಕುಂಕುಮ ಕೆಂಪಿನ ಅಂಚು, ತುಂಬ ಜರಿ.

“ಅದನ್ನ ತೋರಸ್ರಿ” ಅಂದೆ.

ಈ ಕಡೆಯ ಸೀರೆ ಅಂಗಡಿಗಳಲ್ಲಿ ಗಿರಾಕಿಗೆ ತೋರಿಸಲು ಗಂಡಸರೇ ಮೈಮೇಲೆ ಸೀರೆ ಹಾಕಿಕೊಂಡು ನಿಲ್ಲುತ್ತಾರೆ. ಸಾವುಕಾರರು ಉಬ್ಬಸ ಪಡುತ್ತ ಎದ್ದರು. ಸೀರೆ ಬಿಚ್ಚಿ ಹೊಟ್ಟೆಯ ಸುತ್ತ ಸುತ್ತಿ, ನೆರಿಗೆ ಹಿಡಿದು, ಸೆರಗು ಹೆಗಲಿಗೆ ಹಾಕಿ, ಕನ್ನಡಿಯ ಕಡೆ ಒಂದು ಸಲ ತಿರುಗಿ, ನಮ್ಮ ಕಡೆ ಒಂದು ಸಲ ತಿರುಗಿ ನಿಂತರು. ಹಾಗೆ ನಿಂತುಕೊಂಡೇ ಹೇಳಿದರು: “ಮಾಲು ಫಸ್ಟ್ ಕ್ಲಾಸ್ ಐತ್ರಿ ಅಮ್ಮ. ಆದ್ರ ಖರೇ ಹೇಳ್ತೀನಿ, ನಿಮ್ಮಂಥ ಮೈಯೋರಿಗೆ ಅಗಲ ಅಂಚು ಒಪ್ಪಂಗಿಲ್ಲ. ಆ ನೀಲೀನ ತಗೋರಿ.”

ಒಂದು ಗಳಿಗೆ ಅವರ ಮುಖ ನೋಡಿದೆ, ಒಂದು ಗಳಿಗೆ ಅವರ ಹೊಟ್ಟೆ ನೋಡಿದೆ. ಅಲ್ಲಿಂದ ಮಾತು ತಾನಾಗೇ ಬಂತು.

“ಸಾವುಕಾರ್ರೇ, ನಿಮ್ಮ ಹೊಟ್ಟಿ ಮ್ಯಾಲೆ ಆ ಅಂಚು ಎಷ್ಟು ಚಂದ ಕುಂತೈತ್ರೀ! ಅದನ್ನ ನೋಡೇ ನನಗ ಬೇಕು ಅನ್ನಿಸ್ತು. ನಿಮ್ಮ ಹೊಟ್ಟಿ ಮಾಡಿದ ಪುಣ್ಯ ಏನು, ನನ್ನ ಹೊಟ್ಟಿ ಮಾಡಿದ ಪಾಪ ಏನ್ರಿ?”

ಲಕ್ಷ್ಮಿ ಸೀರೆಗಳ ಗುಡ್ಡೆಯ ಮೇಲೆ ಬಿದ್ದು ನಕ್ಕಳು. ಹತ್ತಿರದ ಐಜ ಊರಿನಿಂದ ಸೀರೆ ಕೊಳ್ಳಲು ಬಂದಿದ್ದ ತಾಯಿ ಮಗಳು ಸೆರಗು ಬಾಯಿಗೆ ಒತ್ತಿಕೊಂಡರು. ಸಾವುಕಾರರು ತಲೆ ಬಗ್ಗಿಸಿ ತಮ್ಮ ಹೊಟ್ಟೆಯನ್ನು ಮೊದಲ ಸಲ ನೋಡಿದವರಂತೆ ನೋಡಿಕೊಂಡರು. ಕೆಂಪು ಅಂಚಿನ ಮೇಲೆ ಕೈ ಆಡಿಸಿದರು. ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕು, “ಕರೆಕ್ಟೇ ಅಮ್ಮ, ನನ್ನ ತಪ್ಪು. ಮೂವತ್ತು ವರ್ಷ ಸೀರಿ ಉಟ್ಟು ತೋರಸೀನಿ, ಯಾರೂ ನನ್ನ ಮೈಗೆ ಹೆಸರಿಟ್ಟಿಲ್ಲ” ಅಂದರು. ಸೀರೆ ಬಿಚ್ಚಿ ನನ್ನ ಕೈಗೆ ಕೊಟ್ಟರು.

ಕನ್ನಡಿಯ ಮುಂದೆ ಲಕ್ಷ್ಮಿ ನನ್ನ ಚೂಡಿದಾರದ ಮೇಲೇ ಸೀರೆ ಸುತ್ತಿದಳು. ನೆರಿಗೆ ಕಡಿಮೆ ಬಂದವು. ಬರಲಿ. ಕನ್ನಡಿಯಲ್ಲಿ ಒಬ್ಬ ದೊಡ್ಡ ಹೆಂಗಸು ನಿಂತಿದ್ದಳು, ಅರಿಶಿನ ಕುಂಕುಮದ ಬಣ್ಣದಲ್ಲಿ, ಹೆಗಲು ಅಗಲ, ತೋಳು ದಪ್ಪ. ತೆಳ್ಳಗೇನೂ ಕಾಣುತ್ತಿರಲಿಲ್ಲ. ನನಗೆ ಅವಳು ಬಹಳ ಹಿಡಿಸಿದಳು. ಅವಳನ್ನು ಬಿಟ್ಟು ಹೋಗುವ ಮನಸ್ಸಾಗಲಿಲ್ಲ.

ಲಕ್ಷ್ಮಿಯನ್ನು ಅವಳ ಬಸ್ಸಿಗೆ ಹತ್ತಿಸಿ, ಸಂಜೆಯ ರೈಲಿಗೆ ಗದ್ವಾಲ ಬಿಟ್ಟೆ. ಕಿಟಕಿಯ ಹೊರಗೆ ಕಾಲುವೆಯ ಗದ್ದೆಗಳು, ಆಮೇಲೆ ಶೇಂಗಾ ಹೊಲಗಳು, ಹತ್ತಿ ತುಂಬಿ ನಿಂತ ಲಾರಿಗಳು. ಎದುರು ಕುಂತ ಹುಡುಗಿಯರಿಬ್ಬರು ಇಳಿಯುವವರೆಗೂ ತೂಕ ಇಳಿಸುವ ಮಾತೇ ಆಡಿದರು. ಇಬ್ಬರೂ ಕಡ್ಡಿಯಂತಿದ್ದರು. ಊಟ ಸರಿಯಾಗಿ ಮಾಡಿರವ್ವ ಎಂದು ಪಿ.ಟಿ. ಟೀಚರ್ ದನಿಯಲ್ಲಿ ಹೇಳಿದೆ.

ಮನೆ ಮುಟ್ಟಿದಾಗ ಆಯಾರದ ಸೀರೆ ನೋಡಲು ವೈನಿ ಮತ್ತು ಪಲ್ಲವಿ ಬಂದು ಕುಂತಿದ್ದರು. ಚೌಕಳಿ ಸೀರೆಗಳನ್ನು ವೈನಿ ಮೆಚ್ಚಿದಳು. ಕೊನೆಗೆ ನನ್ನದನ್ನು ಬಿಚ್ಚಿದೆ.

“ಇದೇನಿದು! ಕಡು ನೀಲಿ ಅಂದಿದ್ನಲ್ಲ?” ಅಂದಳು ವೈನಿ. “ಇದನ್ನ ಉಟ್ರ ಮಂಟಪದ ತುಂಬ ನೀ ಒಬ್ಬಾಕೀನ ಕಾಣ್ತಿ.”

“ಕಾಣಬೇಕಲ್ರೀ ವೈನಿ, ಸೋದರತ್ತಿ ನಾನು. ದೀಪ ನಾನ ಹಿಡೀತೀನಿ. ನಾ ಅವತ್ತ ಹ್ಞೂಂ ಅಂದದ್ದು ಮನಸಿನಿಂದಲ್ಲ. ನಿಮ್ಮ ತಂಗೀಗೆ ಇವತ್ತ ಹೇಳಿಬಿಡ್ರಿ.”

ಪಲ್ಲವಿ ಸೀರೆಯ ಅಂಚನ್ನು ಬೆರಳಿನಿಂದ ಅಳೆಯುತ್ತಿದ್ದಳು. ತಾಯಿಯ ಮುಖ ನೋಡದೆ, “ನನ್ನ ಹಿಂದ ನಮ್ಮತ್ತೀನ ನಿಲ್ಲಬೇಕು” ಅಂದಳು.

ವೈನಿ ಸೋಲಲಿಲ್ಲ. “ಆತವಾ. ಆದ್ರ ವಿಡಿಯೋದಾಗ ನೀವಿಬ್ಬರು ಹೆಂಗ ಹಿಡಿಸ್ತೀರಿ?”

“ವಿಡಿಯೋದಾಂವಗ ಹಿಂದಕ್ಕ ಹೋಗಿ ನಿಲ್ಲು ಅನ್ರಿ” ಅಂದೆ. “ನಾ ಹೋಗಂಗಿಲ್ಲ.”