ಒಗೆಯುವ ಕಲ್ಲಿನ ಮೀಟಿಂಗು

ಇವತ್ತು ಬೆಳಿಗ್ಗೆ ಪಕ್ಕದ ಮನೆಯ ಮಹಡಿಯಲ್ಲಿ ಯಾರೋ ಬಟ್ಟೆ ಒಗೆದು ಹರವಿದ್ದರು. ವಾಷಿಂಗ್ ಮೆಷಿನ್ನಿನ ಹೂವಿನ ಪರಿಮಳವಲ್ಲ, ಹಳೆಯ ಬಾರ್ ಸೋಪಿನ ಘಾಟು. ಕಾಫಿ ಹಿಡಿದು ನಿಂತಿದ್ದ ನನಗೆ ಅಂಗೈ ಚುರುಗುಟ್ಟಿದಂತಾಯಿತು. ನಗಬೇಡಿ, ನಾನು ಜಾಹೀರಾತಿನ ಕೆಲಸ ಕಲಿತದ್ದೇ ಒಗೆಯುವ ಕಲ್ಲಿನ ಮುಂದೆ.

ತೊಂಬತ್ತರ ದಶಕದ ಕೊನೆ. ಜೋಗುಪಾಳ್ಯದ ಒಂದು ಟೈಲರ್ ಅಂಗಡಿಯ ಮೇಲೆ ನಮ್ಮ ಏಜೆನ್ಸಿ ಇತ್ತು. ಏಜೆನ್ಸಿ ಎಂದೊಡನೆ ದೊಡ್ಡದಾಗಿ ಕಲ್ಪಿಸಿಕೊಳ್ಳಬೇಡಿ. ಮಾಲೀಕ ಸೆಲ್ವರಾಜ್, ಚಿತ್ರ ಬರೆಯುವ ಒಬ್ಬಾತ, ಕನ್ನಡದಲ್ಲಿ ಜಾಹೀರಾತಿನ ಸಾಲು ಬರೆಯುವ ನಾನು, ಇಷ್ಟೇ. ಒಳಗೊಳಗೇ ನಾನು ಕವಿ ಎಂದುಕೊಂಡಿದ್ದೆ. ಹೊಟ್ಟೆಪಾಡಿಗೆ ಬಟ್ಟೆ ಸೋಪಿನ ಮೇಲೆ ಬರೆಯುತ್ತಿದ್ದೆ.

ಆ ಸೋಪು ಹೊರಮಾವಿನ ಮುನಿರಾಜಪ್ಪನವರದು. ಸೊಪ್ಪು ತರಕಾರಿ ಬೆಳೆಯುತ್ತಿದ್ದ ಜಮೀನಿನಲ್ಲೇ ಶೆಡ್ಡು ಹಾಕಿ ಸೋಪು ಬೇಯಿಸುತ್ತಿದ್ದರು. ಅವರದೊಂದು ಕಟ್ಟಳೆ ಇತ್ತು. ಅವರ ಸೋಪಿನ ಬಗ್ಗೆ ಯಾರು ಮಾತಾಡಬೇಕಾದರೂ ಮೊದಲು ಹಿತ್ತಲಿನ ಕಲ್ಲಿನ ಮೇಲೆ ಒಂದು ಬಟ್ಟೆ ಒಗೆಯಬೇಕು. ಹಾಗಾಗಿ ಬೇರೆ ಏಜೆನ್ಸಿಯವರು ಟೈ ಕಟ್ಟಿಕೊಂಡು ಮೀಟಿಂಗಿಗೆ ಹೋಗುತ್ತಿದ್ದರೆ, ನಾವು ಬ್ಯಾಗಿನಲ್ಲಿ ಕೊಳೆ ಅಂಗಿ ಹಾಕಿಕೊಂಡು ಹೋಗುತ್ತಿದ್ದೆವು. ಮನೆಯಲ್ಲಿ ಕರವಸ್ತ್ರವನ್ನೂ ಒಗೆಯದ ನಾನು ಹೊರಮಾವಿನಲ್ಲಿ ಕಾಲರ್ ಉಜ್ಜುತ್ತೇನೆಂದು ತಿಳಿದ ಮೇಲೆ, ಮನೆಯಲ್ಲೂ ವಾರಕ್ಕೊಂದು ಮೀಟಿಂಗ್ ಇಟ್ಟುಕೊಳ್ಳೋಣ ಎಂದಳು ನನ್ನ ಹೆಂಡತಿ.

ಒಂದು ಸಲ ಮುನಿರಾಜಪ್ಪ ಹೊಸದಾಗಿ ನಿಂಬೆ ಸೋಪು ಮಾಡಿದರು. ಗೋಡೌನು ತುಂಬಿತ್ತು, ಕೈಗೆ ಹಿತ ಎಂದು ಹೇಳುವ ಸಾಲು ಬೇಕಿತ್ತು. ಬಸ್ಸಿನಲ್ಲಿ ಹೋಗುವಾಗಲೇ ನಾನು ಕೆಲವನ್ನು ಹೊಸೆದಿದ್ದೆ. ಕಲ್ಲಿನ ಮುಂದೆ ಕೂತು ಅಂಗಿ ಉಜ್ಜಿದೆ. ಕೊಳೆ ಹೋಯಿತು, ಆದರೆ ಅಂಗೈ ಉರಿಯತೊಡಗಿತು. ಸೆಲ್ವರಾಜನ ಕೈಯೂ ಕೆಂಪಗಾಗಿತ್ತು. ಸುಮ್ಮನಿರು ಎಂದು ಅವನು ಕಣ್ಣಲ್ಲೇ ಹೇಳಿದ. ಅವನನ್ನು ದೂರುವಂತಿಲ್ಲ. ನಮಗಿದ್ದ ದೊಡ್ಡ ಗಿರಾಕಿ ಇವರೊಬ್ಬರೇ. ಕೈಬಿಟ್ಟರೆ ಏಜೆನ್ಸಿಗೆ ಬೀಗ ಬೀಳುತ್ತಿತ್ತು. ನನಗೂ ಭಯವಿತ್ತು. ಆದರೂ ಉರಿಯುವ ಕೈಯಲ್ಲಿ ಆ ಸಾಲು ಬರೆಯುವುದು ನನ್ನಿಂದಾಗುವಂತಿರಲಿಲ್ಲ.

“ಇದನ್ನ ನಾನು ಬರೆಯಲ್ಲ ಸರ್. ಕೈ ಉರೀತಿದೆ,” ಎಂದೆ.

ಮುನಿರಾಜಪ್ಪ ತಾವೇ ಕೂತು ಉಜ್ಜಿದರು. ಗುದ್ದಲಿ ಹಿಡಿದು ಗಟ್ಟಿಯಾದ ಕೈಗೆ ಏನೂ ಆಗಲಿಲ್ಲ. ಪೆನ್ನು ಹಿಡಿಯುವವರ ಕೈ, ಉರಿಯದೆ ಇನ್ನೇನು ಎಂದು ನಕ್ಕರು. ಜೊತೆಗೆ ನಗಲು ನೋಡಿದ ಸೆಲ್ವರಾಜನಿಗೆ ನಗು ಬರಲಿಲ್ಲ. ಅಷ್ಟರಲ್ಲಿ ಕಾಫಿ ತಂದ ಅವರ ಹೆಂಡತಿ ಜಯಮ್ಮ ಲೋಟಗಳನ್ನು ಕೆಳಗಿಟ್ಟು ಗಂಡನತ್ತ ತಿರುಗಿದರು.

“ನಂಗೂ ಉರೀತು ಕಣ್ರೀ. ಗೋಡೌನ್ ತುಂಬಿದ್ಮೇಲೆ ಸೋಪ್ ತಂದ್ಕೊಟ್ರಿ. ಇನ್ನೇನ್ ಹೇಳೋದು ಅಂತ ಸುಮ್ನಾದೆ.”

ಮುನಿರಾಜಪ್ಪನವರ ನಗು ನಿಂತಿತು. ನಾವು ಕಾಫಿ ಕುಡಿದು ಹೊರಟೆವು. ಆಮೇಲೆ ಒಂದಷ್ಟು ದಿನ ಅವರಿಂದ ಫೋನು ಬರಲಿಲ್ಲ. ಸೆಲ್ವರಾಜ್ ನನ್ನೊಂದಿಗೆ ಮಾತು ಬಿಟ್ಟ. ನಾನು ಹಲಸೂರಿನಲ್ಲಿ ಬೇರೆ ಕೆಲಸ ವಿಚಾರಿಸಲು ಶುರುಮಾಡಿದ್ದೆ. ಒಂದು ಮಧ್ಯಾಹ್ನ ಮುನಿರಾಜಪ್ಪನವರೇ ನಮ್ಮ ಕಿರಿದಾದ ಮೆಟ್ಟಿಲು ಹತ್ತಿ ಬಂದರು. ಆ ಸರಕನ್ನು ಮಾರುವುದಿಲ್ಲ, ಮತ್ತೆ ಬೇಯಿಸುತ್ತೇವೆ ಎಂದರು.

“ಇನ್ಮೇಲೆ ಸೋಪ್ ಆದ್ಮೇಲೆ ಬರೋದು ಬೇಡ. ಬೇಯ್ಸೋಕ್ ಮುಂಚೆ ಬನ್ನಿ. ಜಯಮ್ಮನೂ ಕೂತ್ಕೋತಾಳೆ.”

ಮುಂದೆ ಎಷ್ಟೋ ವರ್ಷ ಜೊತೆಯಾಗಿ ಕೆಲಸ ಮಾಡಿದೆವು. ಸಲುಗೆ ಎರಡೂ ಕಡೆಗಿತ್ತು. ನನ್ನ ಸಾಲುಗಳನ್ನು ಓದಿ ಜಯಮ್ಮ, ಚೆನ್ನಾಗೇನೋ ಇದೆ, ಆದರೆ ನಮ್ಮ ಸೋಪಿನದಲ್ಲ ಎಂದು ಪಕ್ಕಕ್ಕಿಡುತ್ತಿದ್ದರು. ಒಳಗಿನ ಕವಿಗೆ ಮೈಯೆಲ್ಲ ಉರಿಯುತ್ತಿತ್ತು. ಅವರ ಮಾತೇ ಸರಿಯಿರುತ್ತಿತ್ತು ಎನ್ನುವುದು ಬೇರೆ ವಿಷಯ. ಆ ಸೋಪು ಕೆ.ಆರ್.ಪುರದ ಸಂತೆಯಿಂದ ಶಿವಾಜಿನಗರದ ಅಂಗಡಿಗಳವರೆಗೆ ಚೆನ್ನಾಗಿ ಓಡಿತು, ನಮ್ಮ ಏಜೆನ್ಸಿಯೂ ಉಳಿಯಿತು. ಗಿರಾಕಿಯ ಜೊತೆ ಬಾಂಧವ್ಯ ಬೆಳೆಸುವುದು ಹೇಗೆ ಎಂದು ಈಗಿನವರು ಪರದೆಯ ಮೇಲೆ ಬಣ್ಣಬಣ್ಣದ ಚಿತ್ರ ತೋರಿಸಿ ವಿವರಿಸುವಾಗ ನಾನು ನನ್ನ ಅಂಗೈ ನೋಡಿಕೊಳ್ಳುತ್ತೇನೆ. ನನಗೆ ಅದು ಗೊತ್ತು.

ಮುನಿರಾಜಪ್ಪ ಈಗಿಲ್ಲ. ಶೆಡ್ಡೂ ಇಲ್ಲ. ಜಯಮ್ಮನವರ ಜೊತೆ ಮಾತಾಡಿ ಬಹಳ ಕಾಲವಾಗಿತ್ತು ಎಂದು ಇವತ್ತು ಬೆಳಿಗ್ಗೆ ಆ ಘಾಟಿಗೆ ನೆನಪಾಗಿ ಆಗಲೇ ಫೋನು ಮಾಡಿದೆ. ಅವರ ಮೊಮ್ಮಗಳು ಸ್ವಂತ ವ್ಯಾಪಾರ ಶುರುಮಾಡುತ್ತಾಳಂತೆ, ನಾನೂ ಬರಬೇಕಂತೆ. ವಯಸ್ಸಾಯಿತು, ಬರೆಯುವುದು ಬಿಟ್ಟು ವರ್ಷಗಳಾದವು ಎಂದು ಜಾರಿಕೊಳ್ಳಲು ನೋಡಿದೆ. ಆಮೇಲೆ ತಡೆಯಲಾರದೆ, ಏನು ಮಾಡಿದ್ದಾಳೆ ಎಂದು ಕೇಳಿದೆ.

“ಇನ್ನೂ ಏನೂ ಮಾಡಿಲ್ಲ,” ಎಂದರು ಜಯಮ್ಮ. “ಅದಕ್ಕೇ ನಿಮ್ಮನ್ನ ಕರೀತಿರೋದು.”