ಲೀಲಾಧರರ ಕಾರಿಗೆ ಆಯುಧಪೂಜೆ

ಮುಂಬಯಿ ಬಳಿಯ ಡೊಂಬಿವಲಿಯ ಹೋಟೆಲುಗಳಲ್ಲಿ ಹಿಟ್ಟು ರುಬ್ಬುವ ಗ್ರೈಂಡರ್ ಕೆಟ್ಟರೆ ಮೊದಲ ಫೋನು ಲೀಲಾಧರರಿಗೆ. ಮೂವತ್ತು ವರ್ಷ ಮೋಟರಿಗೆ ತಂತಿ ಸುತ್ತಿದ ಕೈ. ಕಲ್ಲಿನ ಭಾರಕ್ಕೆ ತಕ್ಕ ಮೋಟರ್ ಹಾಕದೆ ಸುಟ್ಟುಕೊಂಡ ಮಾಲೀಕರಿಗೆ ಅವರು ಬೈಯುವುದು ಇಡ್ಲಿ ತಿನ್ನುವ ಗಿರಾಕಿಗಳಿಗೂ ಕೇಳಿಸುತ್ತಿತ್ತು.

ಅದೇ ಮಹಾನುಭಾವರಿಗೆ ಐವತ್ತೆರಡನೇ ವಯಸ್ಸಿನಲ್ಲಿ, 2013ರ ಸುಮಾರಿಗೆ, ರಿಮೋಟಿನಿಂದ ಓಡುವ ಆಟದ ಬ್ಯಾಟರಿ ಕಾರಿನ ಹುಚ್ಚು ಹಿಡಿಯಿತು. ಬುದ್ಧಿಯನ್ನೆಲ್ಲ ಹೋಟೆಲಿನಲ್ಲೇ ಬಿಟ್ಟು ಬರುತ್ತಿದ್ದರೋ ಏನೋ. ಬ್ಯಾಟರಿಗೂ ಮೋಟರಿಗೂ ನಡುವೆ ನಿಂತು ಕರೆಂಟನ್ನು ಹದವಾಗಿ ಬಿಡುವುದು ಸ್ಪೀಡ್ ಕಂಟ್ರೋಲರ್. ಎರಡು ಸೆಲ್ಲಿನ ಬ್ಯಾಟರಿಯನ್ನಷ್ಟೇ ತಾಳುವ ಆ ಬಡಪಾಯಿಗೆ ಇವರು ಮೂರು ಸೆಲ್ಲಿನದು ಜೋಡಿಸಿದರು, ಸುಟ್ಟಿತು. ಹೊಸದು ತಂದು, ಅದರ ಶಕ್ತಿ ಮೀರಿ ಕರೆಂಟು ಎಳೆಯುವ ಮೋಟರ್ ಹಾಕಿದರು, ಅದೂ ಸುಟ್ಟಿತು. ಆ ವಾಸನೆ ಅಡುಗೆಮನೆಯ ನೀರುದೋಸೆಯವರೆಗೂ ಹೋಯಿತು. ಇನ್ನೊಂದು ಸುಟ್ಟರೆ ಕಾರು ಅಟ್ಟಕ್ಕೆ, ಮತ್ತೆ ಇಳಿಯುವ ಮಾತಿಲ್ಲ ಎಂದು ಹೆಂಡತಿ ಹರಿಣಾಕ್ಷಿ ತೀರ್ಪು ಕೊಟ್ಟರು. ಲೀಲಾಧರರು ಒಪ್ಪಿದರು. ಒಪ್ಪದೆ ಹೋಗುವುದಾದರೂ ಎಲ್ಲಿಗೆ?

ಈ ಸಲ ಗ್ರೈಂಡರಿಗೆ ಮಾಡುವ ಹಾಗೆಯೇ ಮಾಡಿದರು. ಮೋಟರ್ ಎಷ್ಟು ಎಳೆಯುತ್ತದೆಂದು ಮೀಟರ್ ಹಿಡಿದು ಅಳೆದರು. ಅದರ ಒಂದೂವರೆ ಪಟ್ಟು ತಾಳುವ ಕಂಟ್ರೋಲರ್, ಅದಕ್ಕೊಪ್ಪುವ ಬ್ಯಾಟರಿ ತಂದರು. ತಾವಿರುವ ಹೌಸಿಂಗ್ ಸೊಸೈಟಿಯ ಅಂಗಳದಲ್ಲಿ ಹತ್ತು ನಿಮಿಷ ಓಡಿಸಿ ಮುಟ್ಟಿ ನೋಡಿದರೆ ಮೂರೂ ಸ್ವಲ್ಪವೇ ಬೆಚ್ಚಗಿದ್ದವು. ಲೀಲಾಧರರು ಖುಷಿಗೆ ಇನ್ನೊಂದು ಸುತ್ತು ಓಡಿಸಿದರು.

ಮಾರನೇ ದಿನ ಆಯುಧಪೂಜೆ. ಸ್ಪ್ಯಾನರ್, ಸ್ಕೂಟರುಗಳ ಸಾಲಿನಲ್ಲಿ ಕಾರಿಗೂ ಹರಿಣಾಕ್ಷಿ ಕುಂಕುಮ ಹಚ್ಚಿ, ಮೊಳದುದ್ದದ ಗೊಂಡೆಹೂವಿನ ಮಾಲೆ ಕಟ್ಟಿದರು. ಚಕ್ರದಡಿ ಇಟ್ಟ ಲಿಂಬೆಹಣ್ಣನ್ನು ಹತ್ತಲಾಗದೆ ಕಾರು ಪಕ್ಕಕ್ಕೆ ತಿರುಗಿಕೊಂಡಿತು.

ಪೂಜೆಯ ಮಾಲೆಯನ್ನು ಅಂದೇ ಕೀಳುವ ಪದ್ಧತಿಯಿಲ್ಲ. ಊರಿನ ರಿಕ್ಷಾಗಳೆಲ್ಲ ಮಾಲೆ ಹಾಕಿಕೊಂಡೇ ಓಡುತ್ತಿದ್ದವು. ಲೀಲಾಧರರೂ ತೆಗೆಯಲಿಲ್ಲ, ಸೊಸೈಟಿಯವರ ಎದುರು ಕಾರು ಬಿಟ್ಟರು. ಇಪ್ಪತ್ತು ಅಡಿ ಹೋಗುವಷ್ಟರಲ್ಲಿ ಮಾಲೆಯ ದಾರ ಹಿಂಚಕ್ರದ ಗಿಯರಿಗೆ ಸುತ್ತಿಕೊಂಡು ಬಿಗಿಯಿತು. ತಿರುಗಲಾಗದ ಮೋಟರ್ ಸಿಕ್ಕಷ್ಟು ಕರೆಂಟು ಎಳೆಯಿತು, ಮೂರನೇ ಕಂಟ್ರೋಲರೂ ಸುಟ್ಟಿತು. ಎದ್ದ ಹೊಗೆಯನ್ನು ಊದುಬತ್ತಿಯದೆಂದುಕೊಂಡು ಒಂದಿಬ್ಬರು ಕೈಮುಗಿದರು.

ಲೀಲಾಧರರು ಕಾರನ್ನು ಎದೆಗವಚಿಕೊಂಡು ಮನೆಗೆ ಬಂದು, ಅಟ್ಟದ ಕೆಳಗೆ ಸ್ಟೂಲ್ ಇಟ್ಟು ಹತ್ತಿದರು. ಹರಿಣಾಕ್ಷಿ ಕಾರನ್ನು ಅವರ ಕೈಯಿಂದ ತೆಗೆದುಕೊಂಡು, ಗಿಯರಿನಲ್ಲಿ ಸಿಕ್ಕ ದಾರವನ್ನು ಉಗುರಿನಿಂದ ಬಿಡಿಸತೊಡಗಿದರು. ತಾವೇ ಹಾಕಿದ ಗಂಟು ಇನ್ನೂ ಗಟ್ಟಿಯಾಗಿಯೇ ಇತ್ತು.

"ಇದು ಲೆಕ್ಕಕ್ಕಿಲ್ಲ. ಮಾಲೆ ಕಟ್ಟಿದ್ದು ನಾನಲ್ವಾ? ಇಳೀರಿ ನೀವು," ಎಂದರು. ದಾರದ ತುಂಡೊಂದನ್ನು ಎಳೆದು ತೆಗೆದು, "ಬರುವ ವರ್ಷ ಇದಕ್ಕೆ ಕುಂಕುಮ ಮಾತ್ರ ಸಾಕು."

ಲೀಲಾಧರರು ಸ್ಟೂಲಿನಿಂದ ಇಳಿದರು.