ಕಾಲು ತಾಗಿದರೂ ಕೈ ಇಳಿಯದಂತೆ

ನನ್ನ ಗಂಡ ಕೊಲಂಬೊದಲ್ಲಿ ಸೋಲಲು ಅವರ ಒಳ್ಳೆಯ ಅಭ್ಯಾಸವೇ ಕಾರಣ ಎಂದರೆ ಜನ ಈಗಲೂ ನಗುತ್ತಾರೆ. ನಗಲಿ. ಆಮೇಲೆ ಅವರು ಬೇರೆ ಬೇರೆ ದೇಶದವರ ಎದುರು ರಿಂಗಿಗಿಳಿದು ಗೆದ್ದದ್ದನ್ನು ಊರೆಲ್ಲ ಬಲ್ಲದು. ಆ ಮೊದಲ ಗೆಲುವು ಹೇಗೆ ಬಂತೆಂಬುದು ಮಾತ್ರ ನಮ್ಮ ಮನೆಯವರಿಗಷ್ಟೇ ಗೊತ್ತು.

ಅದು ಅರವತ್ತರ ದಶಕ, ಲಿಂಗನಮಕ್ಕಿ ಅಣೆಕಟ್ಟಿನ ಕೆಲಸ ಜೋರಾಗಿ ನಡೆಯುತ್ತಿದ್ದ ಕಾಲ. ಇವರು ಅಲ್ಲಿ ಸೂಪರ್‌ವೈಸರ್ ಆಗಿದ್ದರು, ನಮ್ಮ ವಾಸ ಕಾರ್ಗಲ್ಲಿನ ಕಾಲೋನಿಯಲ್ಲಿ. ಮೈಸೂರಿನಲ್ಲಿ ಓದುವಾಗ ಹತ್ತಿದ ಬಾಕ್ಸಿಂಗಿನ ಹುಚ್ಚು ಕೆಲಸಕ್ಕೆ ಸೇರಿದ ಮೇಲೂ ಇಳಿದಿರಲಿಲ್ಲ. ಹೆಣ್ಣು ನೋಡಲು ನನ್ನ ತವರು ಅರಳಸುರಳಿಗೆ ಬಂದಾಗ ನನ್ನ ಅಪ್ಪಯ್ಯನ ಹತ್ತಿರ 'ಸ್ವಲ್ಪ ವ್ಯಾಯಾಮದ ಅಭ್ಯಾಸ ಇದೆ' ಎಂದಷ್ಟೇ ಹೇಳಿದ್ದರು. ಮದುವೆಯಾಗಿ ಬಂದವಳು ಗೋಡೆಯ ಮೊಳೆಗೆ ನೇತುಬಿದ್ದ ಗ್ಲೌಸು ನೋಡಿ, ಅಣೆಕಟ್ಟಿನ ಕೆಲಸಕ್ಕೆ ಬೇಕಾದ ಸಾಮಾನೇನೋ ಎಂದುಕೊಂಡಿದ್ದೆ. ಈ ಆಟದಲ್ಲಿ ಸಂಬಳವಿಲ್ಲ. ಗೆದ್ದರೆ ಒಂದು ಪದಕ, ಸೋತರೆ ಊದಿದ ಮೂಗು. ಇಂಥ ವ್ಯವಹಾರ ಯಾವ ಬುದ್ಧಿವಂತ ಮಾಡುತ್ತಾನೆ ಎಂದು ಜಗಳವಾಡಿದ್ದೂ ಇದೆ. ಆದರೆ ರಾಜ್ಯದಲ್ಲಿ ಗೆದ್ದು, ಆಮೇಲೆ ದೇಶದ ತಂಡಕ್ಕೇ ಆಯ್ಕೆಯಾದಾಗ ಕಾಲೋನಿಗೆಲ್ಲ ಸಕ್ಕರೆ ಹಂಚಿದವಳೂ ನಾನೇ.

ಕೊಲಂಬೊದಿಂದ ಅವರು ದವಡೆ ಊದಿಸಿಕೊಂಡು ಬಂದರು. ಎದುರಾಳಿ ಸಿಲೋನಿನ ಎಡಗೈಯವನು. ಬಲಗೈಯವನ ಎದುರು ಎಡಗೈಯವನು ನಿಂತರೆ ಇಬ್ಬರ ಮುಂದಿನ ಪಾದಗಳೂ ಅಕ್ಕಪಕ್ಕ ಬರುತ್ತವೆ, ತಾಗುತ್ತಲೇ ಇರುತ್ತವೆ. ಇವರ ಕಾಲು ಅವನ ಕಾಲಿನ ಮೇಲೆ ಬಿತ್ತು. ನಮ್ಮಲ್ಲಿ ಯಾರಿಗಾದರೂ ಕಾಲು ತಾಗಿದರೆ ಏನು ಮಾಡುತ್ತೇವೆ? ತಟ್ಟನೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ. ಇವರೂ ಅದನ್ನೇ ಮಾಡಹೊರಟರು. ಕೆನ್ನೆ ಕಾಯಬೇಕಾದ ಬಲಗೈ ಕೆಳಗಿಳಿಯಿತು. ಮುಂದಿನದು ತನಗೆ ನೆನಪಿಲ್ಲ, ಕಣ್ಣು ಬಿಟ್ಟಾಗ ಮೇಲೆ ದೀಪ ಕಾಣುತ್ತಿತ್ತು ಎಂದರು.

ತಂಡದ ತರಬೇತುದಾರರು ಮುಖ ನೋಡದೆ ಹೇಳಿಬಿಟ್ಟಿದ್ದರಂತೆ: ಸಿಲೋನಿನವರು ಬೊಂಬಾಯಿಗೆ ಬರುತ್ತಾರೆ, ಅದೇ ಎಡಗೈಯವನ ಎದುರು ಇನ್ನೊಂದು ಅವಕಾಶ, ಅಲ್ಲೂ ಕೈ ಇಳಿದರೆ ತಂಡದಲ್ಲಿ ಜಾಗವಿಲ್ಲ. ಕೈ ಯಾಕೆ ಇಳಿಯಿತೆಂದು ಅವರಿಗೆ ಹೇಳಲು ಇವರಿಗೆ ನಾಚಿಕೆ.

"ಆನು ಈ ಆಟನೇ ಬಿಟ್ಬಿಡ್ತಿ ಮಾರಾಯ್ತಿ. ಚಿಕ್ಕಂದಿನಿಂದ ಬಂದದ್ದು, ಇದು ಹೋಪದಲ್ಲ," ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. ಅಷ್ಟು ವರ್ಷ ಬೆವರು ಸುರಿಸಿದ್ದು ಇದಕ್ಕಾ? ದಿಂಬು ಎತ್ತಿಕೊಂಡು ಹಿತ್ತಲಿಗೆ ನಡೆದೆ, ಎಡಗೈಯವರ ಹಾಗೆ ಬಲಗಾಲು ಮುಂದಿಟ್ಟು ನಿಂತೆ. "ತುಳೀರಿ," ಎಂದೆ.

ಮೊದಮೊದಲು ನಮ್ಮದು ನಗೆಪಾಟಲು. ಅವರ ಕಾಲು ನನಗೆ ತಾಗುತ್ತಿತ್ತು, ನನ್ನ ಕಾಲು ಅವರಿಗೆ. ಇಬ್ಬರೂ ಒಟ್ಟಿಗೆ ಬಗ್ಗಿ ತಲೆಗೆ ತಲೆ ಹೊಡೆದುಕೊಳ್ಳುತ್ತಿದ್ದೆವು. ಬರಬರುತ್ತ ನಾನು ಗಟ್ಟಿಯಾದೆ. ಅವರ ಕೈ ಇಳಿದ ಕೂಡಲೇ ದಿಂಬಿನಿಂದ ಕೆನ್ನೆಗೆ ಬಾರಿಸಿ, "ಮತ್ತೆ ಕೈ ಕೆಳಗೆ ಹೋತು ನೋಡಿ!" ಎಂದು ಕೂಗುತ್ತಿದ್ದೆ. ಬೇಲಿಯಾಚೆಯ ಹೆಂಗಸರಿಗೆ ಇದಕ್ಕಿಂತ ಒಳ್ಳೆಯ ಸಿನಿಮಾ ಬೇಕೆ?

ಸುದ್ದಿ ಸಾಗರ ಪೇಟೆಗೆ ಹೋಯಿತು, ಅಲ್ಲಿಂದ ಅರಳಸುರಳಿಗೆ. ಊರು ಬಿಟ್ಟು ಕದಲದ ಅಪ್ಪಯ್ಯ ಹೊಸನಗರದಲ್ಲೊಮ್ಮೆ, ಸಾಗರದಲ್ಲೊಮ್ಮೆ ಬಸ್ಸು ಬದಲಿಸಿ ಬಂದು ನಮ್ಮ ಹಿತ್ತಲಲ್ಲಿ ನಿಂತರು. ನನ್ನ ಕೈಯಲ್ಲಿ ದಿಂಬಿತ್ತು.

"ಎಂತದೇ ಇದು? ಗಂಡಂಗೆ ದಿನಾ ಹೊಡೀತ್ಯಡ! ಪೇಟೆ ತುಂಬ ಸುದ್ದಿ ಇದ್ದು!"

"ಹೊಡೆವದು ಹೌದು ಅಪ್ಪಯ್ಯ. ಹೊಡಿಯದಿದ್ರೆ ಇವು ಗೆಲ್ತ್ವಿಲ್ಲೆ," ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅಪ್ಪಯ್ಯ ಜಗಲಿಯಲ್ಲಿ ಕೂತು ಎಲೆ ಅಡಿಕೆಯ ಕವಳ ಹಾಕಿಕೊಂಡು ನಡೆದದ್ದನ್ನೆಲ್ಲ ಕೇಳಿದರು. ಒಂದು ತೊಡಕನ್ನೂ ಹೇಳಿದೆ. ನನ್ನ ಕಾಲು ತುಳಿದರೆ ಈಗ ಇವರ ಕೈ ಅಲ್ಲಾಡುವುದಿಲ್ಲ, ಆದರೆ ಅಭ್ಯಾಸಕ್ಕೆ ಬರುವ ಗೆಳೆಯರ ಕಾಲು ತಾಗಿದರೆ ಮತ್ತೆ ಅದೇ ಕತೆ.

"ಹೆಂಡತಿ ಕಾಲು ತುಳಿವದು ಎಲ್ಲಾ ಗಂಡಸ್ರಿಗೂ ಅಭ್ಯಾಸನೇ," ಎಂದು ಅಪ್ಪಯ್ಯ ನನ್ನತ್ತ ಕಣ್ಣು ಮಿಟುಕಿಸಿದರು. ಕವಳ ಉಗಿದು ಬಂದು, ಅಂಗಿ ಬಿಚ್ಚಿಟ್ಟು, ಇವರ ಎದುರು ಬಲಗಾಲು ಮುಂದಿಟ್ಟರು. "ಎನ್ನ ಕಾಲು ತುಳೀರಿ."

ಇವರ ಮುಖ ಬಿಳುಚಿತು. "ಮಾವ, ಅದೊಂದು ಎನ್ನ ಕೈಲಿ ಆಗ್ತಿಲ್ಲೆ."

"ಮಂಟಪದಲ್ಲಿ ನಿಂಗಳ ಕಾಲು ತೊಳೆದಂವ ಆನು. ಆ ಕಾಲು ಈಗ ಎಂಗೆ ಭಾರ ಆಗ್ತಾ? ತುಳೀರಿ ಅಂದ್ರೆ ತುಳೀರಿ!"

ಇವರು ತುಳಿದರು. ಕೈ ಇಳಿಯಿತು. ನಾನು ಬಾರಿಸಿದೆ. ಅಪ್ಪಯ್ಯ ಆ ಸಲ ಊರಿಗೆ ಹೋಗುವ ಮಾತೇ ಎತ್ತಲಿಲ್ಲ. ಸಂಜೆಯಾದರೆ ಮೂವರೂ ಹಿತ್ತಲಲ್ಲಿ. ಅಪ್ಪಯ್ಯನ ಕಾಲಿನ ಹೆಬ್ಬೆರಳು ಊದಿ ಬದನೆಕಾಯಿಯ ಬಣ್ಣಕ್ಕೆ ಬಂತು. ಎಣ್ಣೆ ಹಚ್ಚುವಾಗ ನನಗೆ ಅಳುವೇ ಬರುತ್ತಿತ್ತು, ಅವರು ಮಾತ್ರ ಅದನ್ನು ಬಂದವರಿಗೆಲ್ಲ ತೋರಿಸುತ್ತಿದ್ದರು. ಕೊನೆಗೊಂದು ಸಂಜೆ ಇವರು ಮಾವನ ಪಾದವನ್ನು ಗಟ್ಟಿಯಾಗಿ ತುಳಿದು, ಬಲಗೈ ಕೆನ್ನೆಗೇ ಒತ್ತಿ, ನೆಟ್ಟಗೆ ಅವರ ಕಣ್ಣನ್ನೇ ನೋಡುತ್ತ ನಿಂತರು.

"ಹಾಂ! ಈಗ ಹೊರಡಿ ಬೊಂಬಾಯಿಗೆ," ಎಂದರು ಅಪ್ಪಯ್ಯ.

ಅಪ್ಪಯ್ಯನೂ ನಾನೂ ಇವರ ಜೊತೆಗೇ ಹೋದೆವು. ಪಂದ್ಯದ ಆ ದೊಡ್ಡ ಹಾಲ್‌ನಲ್ಲಿ ಸೀರೆ ಉಟ್ಟವರು ನನ್ನ ಹೊರತು ಯಾರೂ ಕಾಣಲಿಲ್ಲ. ಮೊದಲ ರೌಂಡಿನಲ್ಲಿ ಇವರು ದೂರದೂರವೇ ಉಳಿದರು, ಏಟೂ ತಿಂದರು. ಎರಡನೆಯದು ಸಮಸಮ. ಮೂರನೆಯದರಲ್ಲಿ ಹಗ್ಗದ ಹತ್ತಿರ ಇವರ ಕಾಲು ಅವನ ಕಾಲಿನ ಮೇಲೆ ಬಿತ್ತು. ಸಿಲೋನಿನವನು ಕೊಲಂಬೊವನ್ನು ಮರೆತಿರಲಿಲ್ಲ, ಕೈ ಇಳಿಯುತ್ತದೆಂದು ನಂಬಿ ಎಡಗೈಯನ್ನು ಪೂರ್ತಿ ಬಲದಿಂದ ಬೀಸಿದ. ಏಟು ಇವರ ಗ್ಲೌಸಿಗೆ ಬಿತ್ತು. ಬಲಗೈ ಕೆನ್ನೆಯ ಹತ್ತಿರವೇ ಇತ್ತು! ಅಲ್ಲಿಂದ ಅದು ನೆಟ್ಟಗೆ ಅವನ ದವಡೆಗೆ ಹೋಯಿತು. ಅವನು ಕೂತುಬಿಟ್ಟ. ರೆಫರಿ ಎಣಿಸಿ ಮುಗಿಸಿದಾಗಲೂ ಏಳಲಾಗಲಿಲ್ಲ.

ನಾನು ಕಿರುಚಿದೆ, ಅತ್ತುಬಿಟ್ಟೆ, ಪಕ್ಕದವರ ಛತ್ರಿ ಕೆಡವಿದೆ. ಅಂಥ ಖುಷಿಯನ್ನು ನಾನು ಮತ್ತೆ ಕಂಡಿಲ್ಲ. ರೆಫರಿ ಕೈ ಎತ್ತಿ ಹಿಡಿದ ಮೇಲೆ ಇವರು ಎದುರಾಳಿಯ ಹತ್ತಿರ ಹೋಗಿ, ಬಗ್ಗಿ, ಅವನ ಬೂಟು ಮುಟ್ಟಿ ಕಣ್ಣಿಗೊತ್ತಿಕೊಂಡರು. ಅವನು ಕಕ್ಕಾಬಿಕ್ಕಿಯಾಗಿ, ಆಮೇಲೆ ತಬ್ಬಿಕೊಂಡ.

ಕೆಳಗಿಳಿದವರನ್ನು ಜನ ಮುತ್ತಿಕೊಂಡರು. ತರಬೇತುದಾರರು, ಇಷ್ಟು ಚೆನ್ನಾಗಿ ಕೈ ಕಾಯುವುದನ್ನು ಯಾರು ಕಲಿಸಿದರು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಇವರು ಒಡೆದ ತುಟಿಯಲ್ಲೇ "ನನ್ನ ಹೆಂಡತಿ" ಎಂದು ನಮ್ಮ ಸಾಲಿನತ್ತ ಗ್ಲೌಸು ತೋರಿಸಿದರು. ಸುತ್ತಲಿದ್ದ ಗಂಡಸರೆಲ್ಲ ಗೊಳ್ಳೆಂದು ನಕ್ಕರು.

ಅಪ್ಪಯ್ಯ ಕುರ್ಚಿಯಿಂದ ಎದ್ದರು. ಬೊಂಬಾಯಿಯೋ ಅರಳಸುರಳಿಯೋ ಎಂಬ ಪರಿವೆ ಇಲ್ಲದೆ ನಮ್ಮ ಮನೆಮಾತಿನಲ್ಲೇ ಗುಡುಗಿದರು:

"ನಗ್ಯಾಡದು ಎಂತಕ್ಕೆ? ಹೌದು! ಎನ್ನ ಮಗಳೇ ಹೊಡೆದು ಕಲಿಸಿದ್ದು!"

ಒಬ್ಬರಿಗೂ ಒಂದು ಅಕ್ಷರ ಅರ್ಥವಾಗಲಿಲ್ಲ. ಆದರೂ ನಗು ನಿಂತಿತು, ಎಲ್ಲರೂ ನನ್ನತ್ತ ತಿರುಗಿದರು. ನಾನು ಸೆರಗು ಸರಿಮಾಡಿಕೊಂಡು ಎದ್ದು ನಿಂತೆ.